ಬೂದಿ ಡಬ್ಬದ ಹತ್ತು ಹಾರ್ಟುಗಳು

ನಮ್ಮ ಮನೆಯ ಬಚ್ಚಲೊಲೆಗೆ ಎರಡು ಕೆಲಸಗಳಿದ್ದವು. ಬೆಳಿಗ್ಗೆ ನಾಲ್ವರ ಸ್ನಾನಕ್ಕೆ ಹಂಡೆಯಲ್ಲಿ ನೀರು ಕಾಯಿಸುವುದು ಒಂದು. ಅದು ಮುಗಿದ ಮೇಲೆ, ಕೆಂಡದ ಮೇಲೆ ಕೂತ ಹಳೆಯ ಬಿಸ್ಕತ್ತಿನ ಡಬ್ಬವೊಂದನ್ನು ಸಂಜೆಯವರೆಗೆ ಕಾಯುವುದು ಇನ್ನೊಂದು. ಡಬ್ಬದ ತುಂಬ ಭತ್ತದ ಹೊಟ್ಟಿನ ಬೂದಿ. ಆ ಬೂದಿಯೊಳಗೆ, ಅಪ್ಪ ಆಗತಾನೇ ಬೆಂಕಿಯಲ್ಲಿ ಮಾಡಿ ಮುಗಿಸಿದ ಗಾಜಿನ ಹಾರ್ಟುಗಳು, ಹುಡುಗಿಯರು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವಂಥವು. ಸಂಜೆ ದೇವರಿಗೆ ದೀಪ ಹಚ್ಚುವವರೆಗೆ ಅದರ ಮುಚ್ಚಳವನ್ನು ಯಾರೂ ತೆಗೆಯುವಂತಿರಲಿಲ್ಲ. ದೀಪ ಹಚ್ಚಿ, ಕೈಮುಗಿದು, ಸೆರಗಿನಿಂದ ಹಿಡಿದು ಅಮ್ಮನೇ ತೆಗೆಯಬೇಕು. ಬಿಸಿ ಗಾಜು ನಿಧಾನವಾಗಿ ತಣಿಯಬೇಕು. ಅವಸರದಲ್ಲಿ ತಣಿದರೆ ಒಳಗೊಳಗೇ ಬಿಗಿದುಕೊಳ್ಳುತ್ತದೆ. ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಎರಡು ದಿನವೋ ಎರಡು ವರ್ಷವೋ ಕಳೆದ ಮೇಲೆ ಯಾರೂ ಮುಟ್ಟದಿದ್ದರೂ ಸೀಳಿಹೋಗುತ್ತದೆ. ನಮ್ಮ ಮನೆಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಿದ್ದೆವು. ಗೊತ್ತಿರಲಿಲ್ಲ ಎಂದು ನಾನಂತೂ ಹೇಳುವ ಹಾಗೇ ಇಲ್ಲ.

ಸುಂಕದಕಟ್ಟೆಯಲ್ಲಿ ಮಾಗಡಿ ರಸ್ತೆಯಿಂದ ಒಳಗೆ ಮೂರು ತಿರುವು ದಾಟಿದರೆ ನಮ್ಮ ಮನೆ. ಮೇಲೆ ಓನರು, ಕೆಳಗೆ ನಾವು. ಒಂದು ಹಾಲು, ಒಂದು ಅಡುಗೆಮನೆ, ಹಿಂದೆ ಬಚ್ಚಲಿಗೆ ಅಂಟಿಕೊಂಡ ಒಂದು ಸಣ್ಣ ಕೋಣೆ. ಅದಕ್ಕೆ ನಾವು ಬೆಂಕಿ ರೂಮು ಎನ್ನುತ್ತಿದ್ದೆವು. ಅಪ್ಪ ರಾಜಾಜಿನಗರದ ಕಡೆ ಕಾಲೇಜುಗಳ ಲ್ಯಾಬಿಗೆ ಗಾಜಿನ ನಳಿಗೆ ಊದುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಅದು ಮುಚ್ಚಿದ ಮೇಲೆ ಮನೆಯಲ್ಲೇ ಗಾಜು ಕರಗಿಸುವ ಉರಿಯ ಟಾರ್ಚು ಇಟ್ಟುಕೊಂಡು, ಬಣ್ಣದ ಗಾಜಿನ ಕಡ್ಡಿ ತರಿಸಿ, ಫ್ಯಾನ್ಸಿ ಸ್ಟೋರುಗಳಿಗೆ ಹಾರ್ಟು ಮಾಡಿಕೊಡತೊಡಗಿದರು. ಅಂಗಡಿಯಲ್ಲಿ ಕೊಂಡ ಹತಾರ ಅವರ ಮೇಜಿನ ಮೇಲೆ ಒಂದೂ ಇರಲಿಲ್ಲ. ಎರಡು ಕಬ್ಬಿಣದ ಸೌಟುಗಳ ತಲೆಯನ್ನು ಬಡಿದು ಚಪ್ಪಟೆ ಮಾಡಿ ಜೋಡಿಸಿದ್ದು ಒತ್ತುವ ಇಕ್ಕಳ. ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದು ಮಾಡಿದ್ದು ಸೀಳುವ ಅಲಗು. ಸೈಕಲ್ ಕಡ್ಡಿಯ ತುದಿ ಬಗ್ಗಿಸಿದ್ದು ದಾರದ ಕೊಂಡಿ ಕೂರಿಸುವುದಕ್ಕೆ. ಗಾಜಿನ ಕಡ್ಡಿಯ ತುದಿ ಉರಿಯಲ್ಲಿ ಕರಗಿ ಜೇನಿನ ಹಾಗೆ ತೂಗಾಡುವಾಗ ಅದನ್ನು ಉಂಡೆ ಮಾಡಿ, ಇಕ್ಕಳದಲ್ಲಿ ಒತ್ತಿ, ನೆತ್ತಿಯ ನಡುವೆ ಅಲಗಿನಿಂದ ಒಂದು ಸೀಳು ಕೊಟ್ಟು, ಕೆಳಗಿನ ತುದಿಯನ್ನು ಚೂಪಾಗಿ ಎಳೆಯಬೇಕು. ಬಾಯಲ್ಲಿ ಹೇಳುವುದು ಸುಲಭ. ಅಲಗು ಕೂದಲೆಳೆಯಷ್ಟು ವಾಲಿದರೂ ಹಾರ್ಟು ಹೋಗಿ ಗೋಡಂಬಿಯಾಗುತ್ತದೆ.

ಆ ರೂಮಿನಲ್ಲಿ ನನ್ನ ಕೆಲಸ ತಿದಿ ತುಳಿಯುವುದು. ಅಪ್ಪನಿಗೆ ಹಿಂದೆ ಆಟೋ ಬಡಿದು ಬಲಮಂಡಿ ಸರಿಯಿರಲಿಲ್ಲ. ಹಾಗಾಗಿ ಉರಿಗೆ ಗಾಳಿ ಕೊಡುವ ಕಾಲು ನನ್ನದು. ಏಳನೆಯ ವಯಸ್ಸಿನಿಂದ ಹದಿಮೂರರವರೆಗೆ ಶಾಲೆಯಿಲ್ಲದ ಬೆಳಿಗ್ಗೆಗಳಲ್ಲೆಲ್ಲ ನಾನು ಅಪ್ಪನ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತು ಟಪ್, ಟಪ್ ಎಂದು ತುಳಿದಿದ್ದೇನೆ. ಇಂದಲ್ಲ ನಾಳೆ ಉರಿಯ ಮುಂದಿನ ಅಪ್ಪನ ಕುರ್ಚಿ ನನ್ನದೇ ಎಂದು ನಂಬಿದ್ದೆ. ದೊಡ್ಡ ಮಗಳು ನಾನೇ ಅಲ್ಲವೆ? ಅಪ್ಪನ ಬೆನ್ನಿನ ಮೇಲೆ ಬೆವರು ಯಾವ ದಾರಿಯಲ್ಲಿ ಇಳಿಯುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಅವರ ಕೈಗಳನ್ನು ಮಾತ್ರ ನಾನು ಸರಿಯಾಗಿ ನೋಡಿರಲೇ ಇಲ್ಲ, ಬೆನ್ನು ಅಡ್ಡ ಇರುತ್ತಿತ್ತು. ಅಪ್ಪ ಆಗೀಗ ತಿರುಗಿ ಹೇಳುತ್ತಿದ್ದರು:

"ಗಿರಿಜಾ, ತಿದಿ ತುಳಿಯೋದ್ರಲ್ಲಿ ನೀನು ಎಕ್ಸ್‌ಪರ್ಟು ಕಣಮ್ಮ."

ತಂಗಿ ಚಂದ್ರಿ ನನಗಿಂತ ಎರಡು ವರ್ಷ ಚಿಕ್ಕವಳು, ಎಡಚಿ. ನಿಜ ಹೇಳುತ್ತೇನೆ, ಅವಳು ಎಡಚಿಯಾಗಿದ್ದದ್ದು ನನಗೆ ದೊಡ್ಡ ಸಮಾಧಾನದ ವಿಷಯವಾಗಿತ್ತು. ಅವಳು ನನಗಿಂತ ಬೆಳ್ಳಗಿದ್ದಳು, ಕೂದಲು ಮೊಣಕಾಲಿಗೆ ಬರುತ್ತಿತ್ತು, ಮನೆಗೆ ಬಂದವರೆಲ್ಲ ಗಲ್ಲ ಹಿಂಡುತ್ತಿದ್ದುದು ಅವಳದನ್ನೇ. ಊಟಕ್ಕೆ ಕೂತಾಗ ಮಾತ್ರ ಲೆಕ್ಕ ಸರಿಹೋಗುತ್ತಿತ್ತು. ಮುದ್ದೆ ಮುರಿಯಲು ಅವಳ ಎಡಗೈ ತಟ್ಟೆಯ ಕಡೆ ಸರಿದದ್ದೇ ಅಮ್ಮ ಸೌಟಿನ ಹಿಡಿಯಿಂದ ಮಣಿಕಟ್ಟಿನ ಮೇಲೆ ಒಂದು ಬಿಗಿಯುತ್ತಿದ್ದಳು. ಕುಂಕುಮ ಕೊಡುವಾಗ, ಪ್ರಸಾದ ತೆಗೆದುಕೊಳ್ಳುವಾಗ, ಅಂಗಡಿಯವನಿಗೆ ಚಿಲ್ಲರೆ ಚಾಚುವಾಗ, ಎಲ್ಲೆಲ್ಲೂ ಅವಳಿಗೆ ಏಟು. ನಾನು ತಲೆ ತಗ್ಗಿಸಿ ನನ್ನ ಬಲಗೈಯಿಂದ ಸೊಪ್ಪಿನ ಸಾರಿಗೆ ಮುದ್ದೆ ಅದ್ದಿ ಬಲು ಶಿಸ್ತಾಗಿ ನುಂಗುತ್ತಿದ್ದೆ. ಏಟು ತಿಂದ ದಿನ ಅಮ್ಮ ಆಮೇಲೆ ಕನಿಕರದಿಂದ ಉಪ್ಪಿಟ್ಟಿನ ಬಾಣಲೆಯ ತಳದ ಸೀಕಲನ್ನು ಅವಳಿಗೇ ಕೆರೆದು ಕೊಡುತ್ತಿದ್ದಳು. ಅದಕ್ಕೂ ನನಗೆ ಹೊಟ್ಟೆ ಉರಿಯುತ್ತಿತ್ತು. ಅವಳ ಏಟು ಬೇಡ, ಸೀಕಲು ಬೇಕು, ಹೀಗಿತ್ತು ನನ್ನ ನ್ಯಾಯ.

ಅದೊಂದು ಭಾನುವಾರ ಅಪ್ಪ ಕಾಫಿಗೆಂದು ಎದ್ದು ಹೋದಾಗ ಚಂದ್ರಿ ಕುರ್ಚಿಯೇರಿ ಕೂತಳು. ಉರಿ ಆರಿರಲಿಲ್ಲ. ನಾನು ತಿದಿಯ ಮೇಲೇ ಇದ್ದೆ, ತಮಾಷೆಗೆ ತುಳಿದೆ. ಅವಳು ಎಡಗೈಯಲ್ಲಿ ಅಲಗು ಹಿಡಿದಳು, ಬಲಗೈಯಲ್ಲಿ ಕಡ್ಡಿ ತಿರುಗಿಸಿದಳು, ನೋಡನೋಡುತ್ತ ತುದಿಯಲ್ಲಿ ಹಾರ್ಟು ಮೂಡಿತು. ಬಾಗಿಲಲ್ಲಿ ಲೋಟ ಹಿಡಿದು ನಿಂತ ಅಪ್ಪ ಬೈಯುತ್ತಾರೆ ಎಂದು ನಾನು ಕಾದೆ. ಅಪ್ಪ ಬೈಯಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿ, ಲೋಟವನ್ನು ಕಿಟಕಿಯಲ್ಲಿಟ್ಟು ಹೇಳಿದರು:

"ಇನ್ನೊಂದ್ಸಲ ಮಾಡು ಮಗಳೇ. ನಿಧಾನಕ್ಕೆ. ಗಿರಿಜಾ, ನೀನು ತುಳಿ, ನಿಲ್ಲಿಸ್ಬೇಡ."

ನಾನು ತುಳಿದೆ. ಅವಳಿಗಾಗಿ ನಾನು ತುಳಿದೆ! ಮರುವಾರ ಅಪ್ಪ ಹಿತ್ತಲಲ್ಲಿ ಕೂತು ಹೊಸ ಹತಾರ ಮಾಡತೊಡಗಿದರು. ಅವರ ಅಲಗಿನ ಸಾಣೆ ಬಲಗೈಯವರಿಗೆ ಹೊಂದುವಂತಿತ್ತು. ಇದಕ್ಕೆ ಉಲ್ಟಾ ಮಗ್ಗುಲಿಗೆ ಸಾಣೆ. ಇಕ್ಕಳ ಚಿಕ್ಕ ಕೈಗೆ ತಕ್ಕಂತೆ ಗಿಡ್ಡ. ಹಿಡಿಗೆ ಸುತ್ತಿದ್ದು ಚಂದ್ರಿಯ ಹಳೆಯ ನೀಲಿ ಲಂಗದ ಬಟ್ಟೆ. ಮೂರು ಸಂಜೆ ಅಪ್ಪ ಅದನ್ನು ಉಜ್ಜಿದರು, ಅವಳ ಕೈಗೆ ಕೊಟ್ಟು ನೋಡಿದರು, ಮತ್ತೆ ಉಜ್ಜಿದರು. ಆರು ವರ್ಷ ತುಳಿದ ನನ್ನ ಹೆಸರಿಗೆ ಆ ಮನೆಯಲ್ಲಿ ಒಂದು ಮೊಳೆ ಕೂಡ ಇರಲಿಲ್ಲ. ಹೋಗಲಿ, ನನ್ನ ಲಂಗದ ಬಟ್ಟೆಯನ್ನಾದರೂ ಸುತ್ತಬಹುದಿತ್ತು. ಬಣ್ಣ ಹೋದ ಹಳದಿ ಲಂಗವೊಂದು ನನ್ನ ಪೆಟ್ಟಿಗೆಯಲ್ಲಿತ್ತು, ಯಾರೂ ಕೇಳಲಿಲ್ಲ.

ಅಮ್ಮನಿಗೂ ಇದು ಹಿಡಿಸಲಿಲ್ಲ, ಆದರೆ ಬೇರೆ ಕಾರಣಕ್ಕೆ. ಎಡಗೈಯಲ್ಲಿ ಮಾಡಿದ್ದನ್ನು ಹೆಣ್ಣುಮಕ್ಕಳ ಕೊರಳಿಗೆ ಹೇಗೆ ಹಾಕುವುದು ಎಂದು ಗೊಣಗುತ್ತಿದ್ದಳು. ಅಪ್ಪ ನಗುತ್ತಿದ್ದರು. ಅಷ್ಟರಲ್ಲಿ ಮೇಲಿನ ಓನರ್ ಆಂಟಿಯ ಮಗಳು ಸವಿತಕ್ಕನಿಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ತನಗೂ ತನ್ನ ಎಂಟು ಗೆಳತಿಯರಿಗೂ ಕೆಂಪು ಹಾರ್ಟು ಬೇಕೆಂದು ಸವಿತಕ್ಕ ಕೆಳಗಿಳಿದು ಬಂದು ಕೇಳಿದಳು. ಅಪ್ಪ ಆ ಕೆಲಸವನ್ನು ಚಂದ್ರಿಗೆ ಒಪ್ಪಿಸಿಬಿಟ್ಟರು. ಒಡೆದರೆ ಇರಲಿ ಎಂದು ಒಂದು ಹೆಚ್ಚಿಗೆ ಮಾಡುವುದು ಅಪ್ಪನ ರೂಢಿ, ಹಾಗಾಗಿ ಹತ್ತು. ನಿಶ್ಚಿತಾರ್ಥ ಗುರುವಾರವಿತ್ತು, ಹಾರ್ಟು ಮಾಡಿದ್ದು ಅದರ ಹಿಂದಿನ ಭಾನುವಾರ. ಬೆಳಿಗ್ಗೆ ಆರಕ್ಕೆ ಕೂತವಳು ಒಂಬತ್ತೂವರೆಗೆ ಹತ್ತನೆಯದನ್ನು ಬೂದಿಗೆ ಇಳಿಸಿದಳು. ನನ್ನ ಮೀನಖಂಡ ಸೆಟೆದು ಹೋಗಿತ್ತು. ಅದಕ್ಕೂ ಮೊದಲು ಅಪ್ಪ ಆ ಕೊನೆಯದನ್ನು ಇಕ್ಕಳದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ:

"ನನಗೇ ಇಷ್ಟು ನೀಟಾಗಿ ಬರಲ್ಲ ಕಣೇ."

ಎಲ್ಲರೂ ತಿಂಡಿಗೆ ಹೋದರು. ನನಗೆ ಹಸಿವಿಲ್ಲ ಎಂದೆ. ಹಾಲಿನಿಂದ ನಗು ಕೇಳಿಸುತ್ತಿತ್ತು, ಬಾಣಲೆ ಕೆರೆಯುವ ಸದ್ದು ಕೇಳಿಸುತ್ತಿತ್ತು. ನಾನು ಬಚ್ಚಲಿಗೆ ಹೋಗಿ ಮುಚ್ಚಳ ತೆಗೆದೆ. ತಪ್ಪು ಹುಡುಕಬೇಕಿತ್ತು, ಅಷ್ಟೇ. ಹತ್ತರಲ್ಲಿ ಒಂದಾದರೂ ವಾಲಿರಲೇಬೇಕು, ಒಂದರ ತುದಿಯಾದರೂ ಸೊಟ್ಟಗಿರಲೇಬೇಕು. ಜಾಲರಿ ಸೌಟಿನಿಂದ ಒಂದೊಂದನ್ನೇ ಎತ್ತಿ, ಬಚ್ಚಲ ಬಾಗಿಲಿಗೆ ಹಾಸಿದ್ದ ಒಣ ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆ. ಗೋಣಿ ಸುಟ್ಟ ವಾಸನೆ ಬಂತು. ಕಿಟಕಿಯಿಂದ ಬೆಳಗಿನ ತಣ್ಣನೆ ಗಾಳಿ ಬೀಸುತ್ತಿತ್ತು. ಒಂದೊಂದರ ಮುಂದೂ ಬಗ್ಗಿ, ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿದೆ. ಒಂದರಲ್ಲೂ ಒಂದು ತಪ್ಪಿರಲಿಲ್ಲ. ಅಳು ಬಂತು. ಮತ್ತೆ ಸೌಟಿನಿಂದ ಎತ್ತಿ ಬೂದಿಯೊಳಗೆ ಹೂತು, ಮುಚ್ಚಳ ಹಾಕಿ, ಗೋಣಿಯನ್ನು ಮಗುಚಿ ಹಾಕಿ ಬಂದೆ. ಬೇಕೆಂದೇ ಮಾಡಿದೆಯಾ ಎಂದು ಯಾರಾದರೂ ಕೇಳಿದರೆ, ಬರೀ ನೋಡಿದೆ ಎನ್ನುತ್ತಿದ್ದೆ. ಆದರೆ ಎಲ್ಲವನ್ನೂ ನೋಡಿ ಆದ ಮೇಲೂ ನಾನು ಅಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ, ಗಾಳಿ ಬೀಸಲಿ ಎಂದು. ಹಾಗೆ ಕೂತಿದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಸಂಜೆ ದೀಪ ಹಚ್ಚಿ ಅಮ್ಮ ಮುಚ್ಚಳ ತೆಗೆದಾಗ ಹತ್ತೂ ದಾಳಿಂಬೆ ಬೀಜದ ಹಾಗೆ ಹೊಳೆಯುತ್ತಿದ್ದವು. ಗೊಣಗುತ್ತಿದ್ದ ಅಮ್ಮನೂ ಮೆಚ್ಚಿದಳು. ಒಂಬತ್ತು ಮೇಲೆ ಹೋದವು, ಹತ್ತನೆಯದನ್ನು ಚಂದ್ರಿ ಹತ್ತಿಯಲ್ಲಿ ಸುತ್ತಿ ಎತ್ತಿಟ್ಟುಕೊಂಡಳು. ಬುಧವಾರದವರೆಗೆ ಏನೂ ಆಗಲಿಲ್ಲ. ಗಾಜಿಗೂ ಇವಳನ್ನು ಕಂಡರೆ ಪ್ರೀತಿ ಎಂದು ನನಗೆ ಇನ್ನಷ್ಟು ಉರಿಯಿತು. ಗುರುವಾರ ಮೇಲಿನ ಹಾಲಿನಲ್ಲಿ ಜನ ತುಂಬಿದ್ದರು. ಸವಿತಕ್ಕನಿಗೆ ಆರತಿ ಎತ್ತುತ್ತಿದ್ದರು. ಹಾಡಿನ ನಡುವೆ ಟಿಕ್ ಎಂದು ಒಂದು ಸಣ್ಣ ಸದ್ದು. ಸವಿತಕ್ಕನ ಕೊರಳಿನ ಹಾರ್ಟು ಸೀಳಿನಿಂದಲೇ ಎರಡಾಗಿ, ಒಂದು ಅರ್ಧ ದಾರದಲ್ಲಿ ನೇತಾಡಿತು, ಇನ್ನೊಂದು ಅರ್ಧ ಆರತಿ ತಟ್ಟೆಯ ಕೆಂಪು ನೀರಿಗೆ ಬಿತ್ತು. ಹಾಡು ನಿಂತಿತು. ಆಮೇಲೆ ನೋಡಿದರೆ ಗೆಳತಿಯರದೂ ಎರಡು ಬಿರುಕು ಬಿಟ್ಟಿದ್ದವು.

"ಏನ್ರೀ ಇದು, ಒಳ್ಳೇ ಟೈಮಲ್ಲಿ!" ಎಂದರು ಓನರ್ ಆಂಟಿ, ಅಮ್ಮನ ಕಡೆ ತಿರುಗಿ.

ಅಮ್ಮನ ಮುಖ ನೋಡುವ ಹಾಗಿರಲಿಲ್ಲ. ಮೆಟ್ಟಿಲಿಳಿದು ಬಂದವಳೇ ಚಂದ್ರಿಯ ಎಡಗೈ ಹಿಡಿದು ಅಪ್ಪನ ಮುಂದೆ ಎತ್ತಿ ತೋರಿಸಿದಳು.

"ಬಡ್ಕೊಂಡೆ ನಾನು. ಈ ಕೈಯಲ್ಲಿ ಮಾಡಿದ್ದು ಹಿಂಗೇ ಆಗೋದು ಅಂತ ಬಡ್ಕೊಂಡೆ. ಆ ಹುಡುಗಿ ಮದ್ವೆಗೆ ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ನಾವು ಈ ಮನೇಲಿ ಇರೋಕಾಗತ್ತಾ?"

ಮದುವೆಗೆ ಏನೂ ಆಗಲಿಲ್ಲ. ಸವಿತಕ್ಕ ಈಗ ಕೆಂಗೇರಿಯಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಆರಾಮಾಗಿದ್ದಾಳೆ. ಆದರೆ ಅವತ್ತು ಅದು ಯಾರಿಗೆ ಗೊತ್ತು? ಚಂದ್ರಿ ತನ್ನ ಕೈಯನ್ನೇ ನೋಡಿಕೊಂಡು ನಿಂತಿದ್ದಳು, ಅಮ್ಮನ ಮಾತನ್ನು ನಂಬಿದವಳ ಹಾಗೆ. ಅವತ್ತು ಮುದ್ದೆ ತಟ್ಟೆಗೆ ಬಿದ್ದ ಮೇಲೆ ಅಪ್ಪ ಕೇಳಿದರು:

"ಭಾನುವಾರ ಡಬ್ಬ ಯಾರಾದ್ರೂ ತೆಗೆದಿದ್ರಾ?"

"ಇಲ್ಲಪ್ಪ," ಎಂದೆ ನಾನು, ಚಂದ್ರಿ ಬಾಯಿ ತೆರೆಯುವ ಮೊದಲೇ.

ಅಪ್ಪ ಮತ್ತೆ ಕೇಳಲಿಲ್ಲ. ಮರುದಿನದಿಂದ ಅಮ್ಮ ಚಂದ್ರಿಗೆ ಬಲಗೈಯಲ್ಲಿ ಬರೆಸತೊಡಗಿದಳು. ಶನಿವಾರ ಬೆಳಿಗ್ಗೆ ಅಪ್ಪ ಕುರ್ಚಿ ತೋರಿಸಿ ನನಗೆ ಕೂತ್ಕೊ ಎಂದರು. ನಾನು ಕಾದಿದ್ದ ಮಾತು ಅದು. ಬಂದದ್ದು ಹೇಗೆಂದು ಯೋಚಿಸಲೂ ಇಲ್ಲ, ಹಾರಿ ಕೂತೆ. ಹತಾರ ಕೇಳಿದಾಗ ಅಪ್ಪ ನೀಲಿ ಬಟ್ಟೆ ಸುತ್ತಿದವನ್ನೇ ನನ್ನ ಮುಂದಿಟ್ಟರು.

"ನನಗೆ ಬೇರೆ ಮಾಡ್ಕೊಡಿ ಅಪ್ಪ. ಇದು ಎಡಗೈದು."

"ಚಿಕ್ಕ ಕೈಗೆ ಇರೋದು ಇವೇ. ಇದರಲ್ಲೇ ಮಾಡು."

ಎರಡು ವಾರ ಆ ಉಲ್ಟಾ ಅಲಗಿನಲ್ಲಿ ಒದ್ದಾಡಿದೆ. ಎಷ್ಟು ಮಾಡಿದರೂ ಗೋಡಂಬಿಯೇ. ಬೆರಳು ಸುಟ್ಟುಕೊಂಡೆ. ಹಿಂದೆ ತಿದಿಯ ಮೇಲೆ ಚಂದ್ರಿ. ಅಭ್ಯಾಸವಿಲ್ಲದ ಕಾಲಿನಿಂದ ತುಳಿಯುತ್ತಿದ್ದಳು. ಅವಳು ನಗಲಿ, ಚುಚ್ಚಲಿ ಎಂದು ಕಾಯುತ್ತಿದ್ದೆ, ಜಗಳ ಮಾಡಬಹುದಿತ್ತು. ಅವಳು ನಗಲಿಲ್ಲ. ಆಮೇಲೊಂದು ದಿನ ಗಮನಕ್ಕೆ ಬಂತು. ನಾನು ಸೀಳು ಕೊಡಲು ಅಲಗೆತ್ತುವ ಹೊತ್ತಿಗೆ ಉರಿ ತಾನಾಗಿ ಸಣ್ಣದಾಗುತ್ತಿತ್ತು, ಉಂಡೆ ಕಟ್ಟುವಾಗ ತಾನಾಗಿ ಏಳುತ್ತಿತ್ತು. ಅವಳು ನನ್ನ ಭುಜ ನೋಡಿಕೊಂಡು ತುಳಿಯುತ್ತಿದ್ದಳು. ಆರು ವರ್ಷ ನಾನು ಒಂದೇ ಸಮನೆ ಟಪ್ ಟಪ್ ಎಂದು ತುಳಿದಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ. ಅವತ್ತು ಮೊದಲ ಸಲ ನನ್ನ ಕೈಯಿಂದ ಹಾರ್ಟು ಎನ್ನಬಹುದಾದ ಒಂದು ಹಾರ್ಟು ಬಂತು. ಬಾಗಿಲಲ್ಲಿ ನಿಂತಿದ್ದ ಅಪ್ಪ ಹೇಳಿದರು:

"ತಿದಿ ಚೆನ್ನಾಗಿ ತುಳೀತಿದ್ದೀಯ ಚಂದ್ರಿ."

ನನ್ನ ಮೈಯೆಲ್ಲ ಉರಿದುಹೋಯಿತು. ಪಶ್ಚಾತ್ತಾಪವಲ್ಲ ಅದು, ಖಂಡಿತ ಅಲ್ಲ. ಈ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ, ಅದನ್ನೂ ಅವಳಿಗೇ ಕೊಟ್ಟರಲ್ಲ ಎಂಬ ಸಿಟ್ಟು. ಅಲಗನ್ನು ಮೇಜಿನ ಮೇಲೆ ಬಿಸಾಡಿ ಎದ್ದು ನಿಂತು ಕಿರುಚಿದೆ:

"ಅದನ್ನೂ ಅವಳಿಗೇ ಹೇಳಿ! ಎಲ್ಲಾ ಅವಳಿಗೇ! ಡಬ್ಬ ತೆಗೆದಿದ್ದು ನಾನು, ಗೊತ್ತಾ? ಹತ್ತನ್ನೂ ಆಚೆ ಇಟ್ಟು ಗಾಳಿಗೆ ಒಡ್ಡಿದ್ದು ನಾನೇ!"

ಅಡುಗೆಮನೆಯಿಂದ ಅಮ್ಮ ಹಿಟ್ಟಿನ ಕೈಯಲ್ಲೇ ಬಂದಳು. ಅಪ್ಪ ಅಟ್ಟದ ಮೇಲಿನಿಂದ ಮಡಿಸಿಟ್ಟ ಗೋಣಿಚೀಲ ಇಳಿಸಿ ನೆಲದ ಮೇಲೆ ಹರಡಿದರು. ಅದರ ಮೇಲೆ ಸಾಲಾಗಿ ಹತ್ತು ಪುಟ್ಟ ಸುಟ್ಟ ಗುರುತುಗಳು, ಹತ್ತೂ ಹಾರ್ಟಿನ ಆಕಾರ.

"ನೋಡು," ಎಂದರು ಅಮ್ಮನಿಗೆ. "ಕೈದಲ್ಲ ತಪ್ಪು."

ಆಗ ಬಾಯಿ ತೆರೆದವಳು ಚಂದ್ರಿ. ನನ್ನ ಕಡೆ ನೋಡಲೂ ಇಲ್ಲ.

"ನಿಮಗೆ ಮೊದ್ಲೇ ಗೊತ್ತಿತ್ತಾ ಅಪ್ಪ? ಗೊತ್ತಿದ್ರೂ ನನ್ನ ಕುರ್ಚಿಯಿಂದ ಯಾಕೆ ಎಬ್ಬಿಸಿದ್ರಿ?"

"ಅವಳೇ ಹೇಳ್ಲಿ ಅಂತ ಕಾದೆ ಕಣೇ."

"ನಾನೇನು ಮಾಡಿದ್ದೆ ಅಪ್ಪ?"

ಅಪ್ಪ ಬಗ್ಗಿ ಗೋಣಿಚೀಲವನ್ನು ಮತ್ತೆ ಮಡಿಸತೊಡಗಿದರು. ನನಗೆ ಏಟು ಬೀಳಲಿಲ್ಲ, ಬಿದ್ದಿದ್ದರೆ ಚೆನ್ನಾಗಿತ್ತು. ಅವತ್ತು ಮಧ್ಯಾಹ್ನ ಚಂದ್ರಿ ಎಡಗೈಯಲ್ಲಿ ಮುದ್ದೆ ಮುರಿದಳು, ಬೇಕೆಂದೇ, ಅಮ್ಮನ ಮುಖವನ್ನೇ ನೋಡಿಕೊಂಡು. ಅಮ್ಮ ಸೌಟು ಹಿಡಿದವಳು ಅದರಿಂದ ಸಾರು ಬಡಿಸಿದಳು. ಸಂಜೆ ದೀಪ ಹಚ್ಚಿದ ಮೇಲೆ ಬಚ್ಚಲೊಲೆಯ ಮುಂದೆ ನಿಂತು ಅಮ್ಮ ಕರೆದಳು:

"ಬಾ ಚಂದ್ರಿ, ಮುಚ್ಚಳ ನೀನೇ ತೆಗಿ. ಯಾವ ಕೈಯಲ್ಲಾದ್ರೂ ತೆಗಿ."

ಅಮ್ಮ ಕ್ಷಮೆ ಕೇಳಿದ್ದು ಅಷ್ಟೇ. ಚಂದ್ರಿ ಎಡಗೈಗೆ ಬಟ್ಟೆ ಸುತ್ತಿಕೊಂಡು ಮುಚ್ಚಳ ಎತ್ತಿದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ನಾನು ಬಾಗಿಲಿಗೆ ಒರಗಿ ನಿಂತು ನೋಡಿದೆ. ತಪ್ಪೆಲ್ಲ ನನ್ನದೇ ಎಂದು ಗೊತ್ತಿದ್ದೂ, ಅಮ್ಮ ನನ್ನನ್ನು ಯಾವತ್ತೂ ಹೀಗೆ ಕರೆದಿರಲಿಲ್ಲ ಎಂದೇ ಆಗಲೂ ಅನ್ನಿಸಿದ್ದು. ನಾನು ಆ ಮುಚ್ಚಳ ತೆಗೆದದ್ದು ಒಂದೇ ಸಲ, ಅದೂ ಕದ್ದು.

ಆಮೇಲೆ ನಾನು ಬೆಂಕಿ ರೂಮಿಗೆ ಹೋಗುವುದನ್ನು ಬಿಟ್ಟೆ. ಓದಿದೆ, ಜ್ಞಾನಭಾರತಿಯ ಕಚೇರಿಯೊಂದರಲ್ಲಿ ಕ್ಲರ್ಕಾದೆ, ಈಗ ಆರ್‌ಪಿಸಿ ಲೇಔಟಿನಲ್ಲಿ ಸ್ವಂತ ಮನೆಯಿದೆ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಚಂದ್ರಿ ಅದೇ ಸುಂಕದಕಟ್ಟೆಯ ಮನೆಯಲ್ಲೇ ಇದ್ದಾಳೆ. ತಿದಿ ಹೋಗಿ ಮೆಷಿನ್ ಬಂದಿದೆ, ಬಚ್ಚಲೊಲೆ ಹೋಗಿ ಕರೆಂಟಿನ ಗೂಡು ಬಂದಿದೆ. ಸೌಟಿನ ಇಕ್ಕಳ, ಹ್ಯಾಕ್ಸಾದ ಅಲಗು ಮಾತ್ರ ಅವೇ, ಹಿಡಿಯ ಬಟ್ಟೆ ಎಷ್ಟನೆಯದೋ. ಅವಳ ಹಾರ್ಟುಗಳನ್ನು ಜನ ಫೋನಿನಲ್ಲಿ ನೋಡಿ ಎಲ್ಲೆಲ್ಲಿಂದಲೋ ತರಿಸಿಕೊಳ್ಳುತ್ತಾರೆ. ಕಲಿಯಲು ಹುಡುಗಿಯರು ಬರುತ್ತಾರೆ, ಮೇಡಂ ಎನ್ನುತ್ತಾರೆ. ನನ್ನನ್ನು ಕಚೇರಿಯಲ್ಲಿ ಕೊನೆಯವರೆಗೂ ಗಿರಿಜಮ್ಮ ಎಂದೇ ಕರೆದರು. ನಾವಿಬ್ಬರೂ ಮಾತು ಬಿಟ್ಟವರಲ್ಲ. ಹಬ್ಬಕ್ಕೆ ಹೋಗಿಬರುತ್ತೇವೆ, ಉಪ್ಪಿಟ್ಟು ಮಾಡಿದರೆ ಸೀಕಲು ಹಂಚಿಕೊಳ್ಳುತ್ತೇವೆ. ಡಬ್ಬದ ಮಾತು ಮಾತ್ರ ಅಂದಿನಿಂದ ಎತ್ತಿರಲಿಲ್ಲ. ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಪೆಟ್ಟಿಗೆಯಲ್ಲಿ ಏನೋ ಸಿಕ್ಕಿತು ಬಾ ಎಂದು ಕರೆಸಿದಳು. ಹಳದಿ ಬಣ್ಣಕ್ಕೆ ತಿರುಗಿದ ಹತ್ತಿಯ ಉಂಡೆ ಬಿಡಿಸಿ ನನ್ನ ಅಂಗೈ ಮೇಲೆ ಇಟ್ಟಳು, ಎಡಗೈಯಿಂದ.

"ಹತ್ತನೇದು ಕಣೇ ಅಕ್ಕ. ಮಿಕ್ಕ ಒಂಬತ್ತೂ ಆ ವರ್ಷನೇ ಹೋದ್ವು. ಇದೊಂದು ಇನ್ನೂ ಒಡೆದಿಲ್ಲ."

"ನನಗ್ಯಾಕೆ ಕೊಡ್ತಿದ್ದೀಯ?"

"ಒಳಗಡೆ ಬಿಗಿ ಹಂಗೇ ಇರತ್ತೆ. ಇವತ್ತೋ ನಾಳೆಯೋ ಒಡೀಬಹುದು, ಒಡೀದೇನೂ ಇರ್ಬಹುದು. ಇಷ್ಟು ವರ್ಷ ನಾನು ಕಾದೆ. ಇನ್ಮೇಲೆ ನೀನು ಕಾಯಿ."

ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹತ್ತಿ ಬಿಡಿಸಿ ನೋಡುತ್ತೇನೆ. ಕನ್ನಡಕ ಹಾಕಿಕೊಂಡು, ಬೆಳಕಿಗೆ ತಿರುಗಿಸಿ, ಅವತ್ತಿನ ಹಾಗೆಯೇ. ನಿನ್ನೆ ಒಡೆದಿರಲಿಲ್ಲ, ಇವತ್ತೂ ಒಡೆದಿಲ್ಲ. ಒಡೆಯದಿರಲಪ್ಪ ಎಂದು ಬೇಡಿಕೊಳ್ಳುತ್ತಲೇ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತೇನೆ, ಎಲ್ಲಾದರೂ ಒಂಚೂರು ವಾಲಿದೆಯೇ ಎಂದು. ವಾಲಿಲ್ಲ.